ಮೈತ್ರಿ ಮುರಿದ ಮಧ್ಯಾಹ್ನ

ರಾಜಧಾನಿ ಹೊತ್ತಿ ಉರಿಯುತ್ತಿತ್ತು.

ಕೋಟೆಯ ಗೋಡೆ ಕುಸಿದಿತ್ತು. ನದಿ ದಾಟಲು ಹೋದ ಸೈನ್ಯ ನೀರಿನಲ್ಲೇ ಕತ್ತರಿಸಿಹೋಗಿತ್ತು. ಪರದೆಯ ಮೂಲೆಯಲ್ಲಿ ಸತ್ತವರ ಸಂಖ್ಯೆ ಏರುತ್ತಲೇ ಇತ್ತು...

ಕೃತ್ತಿಕಾಳ ಬೆರಳು ಇನ್ನೂ ಮೌಸಿನ ಮೇಲೇ ಇತ್ತು. ತೆಗೆಯಲೂ ಭಯ.

ತಮಿಳು ಸೀಮೆಯ ಕರುಮತ್ತಂಪಟ್ಟಿಯ ಆ ಡಿಸೈನ್ ಸೆಂಟರಿನಲ್ಲಿ ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಅವಳ ಕೆಲಸ. ಹೊಸದಾಗಿ ಸೇರಿದ್ದ ಎಂಜಿನಿಯರ್ ಊಟದ ಹೊತ್ತಿನಲ್ಲಿ ಪರದೆಯ ಮೇಲೆ ಏನನ್ನೋ ತೆರೆದಿಟ್ಟು ಬೇಕರಿಗೆ ಟೀ ಕುಡಿಯಲು ಹೋಗಿದ್ದ. ಕೆಂಪು, ಹಸಿರು, ಹಳದಿ ತುಂಡುಗಳು. ಸೆರಗಿನ ಹೊಸ ಡಿಸೈನ್ ಇರಬೇಕು ಎಂದುಕೊಂಡಳು. ಕೆಂಪಿನ ಪಕ್ಕದಲ್ಲಿದ್ದ ಹಸಿರು ತುಂಡು ಅವಳ ಕಣ್ಣಿಗೆ ಒಗ್ಗಲಿಲ್ಲ. ಅದನ್ನೂ ಕೆಂಪು ಮಾಡೋಣ ಎಂದು ಒತ್ತಿದಳು. 'ಖಚಿತವೇ?' ಎಂದು ಕೇಳಿತು. ಹೌದು ಎಂದು ಒತ್ತಿದಳು.

ಅಷ್ಟೇ. ಯುದ್ಧ ಶುರುವಾಗಿಬಿಟ್ಟಿತ್ತು.

ಟೀ ಕುಡಿದು ಬಂದು ಬಾಗಿಲಲ್ಲಿ ನಿಂತಿದ್ದ ಎಂಜಿನಿಯರ್ ಪ್ರೇಮ್ ಕುಮಾರ್ ಪರದೆ ನೋಡಿದ, ಅವಳನ್ನು ನೋಡಿದ. ಅವನ ಮುಖ ಗಂಟಿಕ್ಕಿತು.

"ಯಾರಿದು, ನನ್ನ ರಾಜ್ಯ ಸುಟ್ಟಿದ್ದು?" ಎಂದು ಹರಕು ತಮಿಳಿನಲ್ಲಿ ಕೇಳಿದ. ಆಮೇಲೆ, ಅಲ್ಲಿ ಯಾರಿಗೂ ಅರ್ಥವಾಗದು ಎಂಬ ಧೈರ್ಯದಲ್ಲಿ, ಕನ್ನಡದಲ್ಲಿ ಗೊಣಗಿದ. "ಇವಳ ಕೈಗೆ ಕತ್ತಿ ಕೊಟ್ರೆ ಮೊದಲು ತನ್ನ ಕಾಲೇ ಕಡ್ಕೋತಾಳೆ."

ಕೃತ್ತಿಕಾ ಎದ್ದು ನಿಂತಳು.

"ಕಾಲು ಅಲ್ಲ ಸಾರ್. ಕತ್ತಿ ಕೊಟ್ರೆ ಮೊದ್ಲು ಯಾರ್ನ ಕಡೀಬೇಕು ಅಂತ ನಂಗೆ ಗೊತ್ತು."

ಅವನ ಕೈಯಲ್ಲಿದ್ದ ಬನ್ನು ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ನಿಮಗೆ... ಕನ್ನಡ ಬರುತ್ತಾ?"

"ಮನೇಲಿ ಅದೇ ತಾನೆ. ನಿಮ್ ದಾವಣಗೆರೆ ಕನ್ನಡ ಅಲ್ಲ, ನಮ್ದು ತರಿ ಓಡ್ಸೋರ, ಮಗ್ಗದೋರ ಕನ್ನಡ. ಬೈದ್ರೆ ಮಾತ್ರ ಚೆನ್ನಾಗಿ ಅರ್ಥ ಆಗ್ತದೆ."

ಪ್ರೇಮ್ ನಕ್ಕುಬಿಟ್ಟ. ಅವಳು ನಗಲಿಲ್ಲ. ಅವಳ ಕಣ್ಣು ಮತ್ತೆ ಉರಿಯುವ ಊರುಗಳ ಮೇಲೆ ಹೋಗಿತ್ತು.

"ಒಂದೇ ಒಂದು ಚಿಕ್ಕ ರಾಜ್ಯನ ಮುಟ್ಟಿದ್ದು ಸಾರ್. ನಾಕೂ ಕಡೆಯಿಂದ ಯಾಕೆ ಬಂದ್ರು?"

"ಅವನ ಹಿಂದೆ ಯಾರಿದ್ದಾರೆ ಅಂತ ನೋಡದೆ ಹೊಡೆದ್ರಲ್ಲ, ಅದಕ್ಕೆ."

ಆ ಮಾತು ಅವಳೊಳಗೆ ಎಲ್ಲಿಗೋ ಹೋಗಿ ನಾಟಿತು.

"ಈ ಆಟ ನಂಗೂ ಹೇಳ್ಕೊಡ್ತೀರಾ?"

* * *

ಅವಳು ಯಾಕೆ ಕೇಳಿದಳೆಂದು ಅವನಿಗೆ ಗೊತ್ತಿರಲಿಲ್ಲ.

ಕೃತ್ತಿಕಾಳ ತಾಯಿ ಸಾಂತಿಗೆ ಒಬ್ಬನೇ ತಮ್ಮ, ಸೆಂದಿಲ್. ಕೃತ್ತಿಕಾ ದೊಡ್ಡವಳಾದಾಗ ಸೋದರಮಾವನ ಸೀರು ತಂದವನು ಅವನೇ. ಸೀರೆ, ಬಳೆ, ಹೂವು, ಹಣ್ಣು ತುಂಬಿದ ತಟ್ಟೆ. ಆ ತಟ್ಟೆ ಮನೆಯೊಳಗೆ ಬಂದ ದಿನವೇ ಹುಡುಗಿ ಅವನವಳು ಎಂದು ಬೀದಿಯಲ್ಲೆಲ್ಲ ಮಾತಾಗಿತ್ತು. ಅಪ್ಪ ಬಾಲಸುಬ್ರಮಣಿಯನ್ ಮಗ್ಗ ಓಡಿಸುವುದೂ ಸೆಂದಿಲ್‌ನ ಶೆಡ್ಡಿನಲ್ಲೇ. ಸಂಕ್ರಾಂತಿಯ ತೈ ತಿಂಗಳಿನಲ್ಲಿ ನಿಶ್ಚಯ ಎಂದು ದೊಡ್ಡವರು ಹೇಳಿಯಾಗಿತ್ತು.

ಸೆಂದಿಲ್ ಕೈ ಎತ್ತುವವನು. ನೂಲು ಕಡಿದರೆ ಕೆಲಸದವರಿಗೆ ಹೊಡೆಯುತ್ತಿದ್ದ. ಒಮ್ಮೆ ತಂಬಿಗೆ ಎಸೆದು ತನ್ನ ನಾಯಿಯ ಕಾಲನ್ನೇ ಮುರಿದಿದ್ದ. ಆ ನಾಯಿ ಈಗಲೂ ಅವನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ...

ನಾನೂ ಹಾಗೇ ಆಗಿಬಿಡುತ್ತೇನಾ? ಮಗ್ಗಗಳ ಸದ್ದಿನ ನಡುವೆ ಕೃತ್ತಿಕಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಊಟದ ಹೊತ್ತಿನ ಪಾಠ ಶುರುವಾಯಿತು. ಸೆಂಟರಿನ ಮಾಲೀಕ ದೀನದಯಾಳನ್ ಒಳ್ಳೆಯ ಮನುಷ್ಯ. "ಡಿಸೈನ್ ನಿಲ್ದಿದ್ರೆ ಸಾಕು, ಯಾವ ದೇಶನಾದ್ರೂ ಸುಟ್ಕೊಳ್ಳಿ" ಎಂದು ಎರಡು ಕಂಪ್ಯೂಟರುಗಳನ್ನು ಬಿಟ್ಟುಕೊಟ್ಟ.

"ಮೊದಲನೇದು, ಕಾಲ ನಿಲ್ಲಿಸೋದು ಕಲೀರಿ," ಎಂದ ಪ್ರೇಮ್. "ಈ ಉದ್ದ ಕೀ ಒತ್ತಿದ್ರೆ ಇಡೀ ಲೋಕ ನಿಲ್ಲುತ್ತೆ. ಗಾಬರಿ ಆದಾಗ ಯಾವ ಆಜ್ಞೆನೂ ಕೊಡಬೇಡಿ. ನಿಲ್ಲಿಸಿ, ನೋಡಿ, ಆಮೇಲೆ ನಡೀರಿ."

"ಇಷ್ಟೊಂದು ಬಟನ್ ಐತಲ್ಲ ಸಾರ್?"

"ಎಲ್ಲಾ ಮುಟ್ಟಬೇಡಿ. ಸೈನ್ಯ, ಖಜಾನೆ, ಸ್ನೇಹಿತರು... ಮೂರೇ ನೋಡಿ. ಉಳಿದದ್ದು ಸೋಲ್ತಾ ಸೋಲ್ತಾ ಬರುತ್ತೆ. ಮೊದಲನೇ ಆಟ ಗೆಲ್ಲೋಕಲ್ಲ, ಹೇಗೆ ಸಾಯ್ತೀವಿ ಅಂತ ನೋಡೋಕೆ."

ಹೊಸಬರು ದೊಡ್ಡ ರಾಜ್ಯ ಹಿಡಿಯಬೇಕು ಎಂದ. ಅವಳು ಕೇಳಲಿಲ್ಲ. ಭೂಪಟದಲ್ಲಿ ಉಗುರಿನಷ್ಟಿದ್ದ ಕೊಂಗು ನಾಡನ್ನೇ, ತನ್ನ ಊರಿರುವ ಸೀಮೆಯನ್ನೇ ಆರಿಸಿಕೊಂಡಳು. ಪಕ್ಕದಲ್ಲಿ ಬಾಯಿ ತೆರೆದು ಕುಳಿತ ಮಧುರೆ.

ಸತ್ತಳು. ಮತ್ತೆ ಸತ್ತಳು. ಒಮ್ಮೆ ಹಸಿವಿನಿಂದ ಕೋಟೆಯೊಳಗಿನವರೆಲ್ಲ ಸತ್ತರು. ಇನ್ನೊಮ್ಮೆ ಸಂಬಳ ಸಿಗದ ಸೈನಿಕರೇ ತಿರುಗಿಬಿದ್ದು ಅರಮನೆಗೆ ನುಗ್ಗಿದರು. ಗುಡ್ಡದ ಮೇಲಿದ್ದ ಶತ್ರುವಿನ ಮೇಲೆ ಕೆಳಗಿನಿಂದ ಏರಿಹೋದಾಗ ಒಬ್ಬನೂ ಹಿಂದೆ ಬರಲಿಲ್ಲ.

"ಪಾವ, ಎಷ್ಟು ಜನ ಹೋದ್ರು," ಎಂದು ಅವಳು ಸಣ್ಣಗೆ ಹೇಳಿದಾಗ ಪ್ರೇಮ್ ಅವಳ ಮುಖ ನೋಡಿದ. ಆಟದಲ್ಲಿ ಸತ್ತವರಿಗಾಗಿ ಮರುಗುವವರನ್ನು ಅವನು ಕಂಡಿರಲಿಲ್ಲ.

ಆಮೇಲೆ ಅವನು ಮೈಸೂರನ್ನು ಹಿಡಿದು ಅವಳ ಜೊತೆ ಮೈತ್ರಿ ಮಾಡಿಕೊಂಡ. ಕೊಂಗು ನಾಡು ಉಸಿರಾಡಿತು.

"ಒಂದು ನೆನಪಿಟ್ಕೊಳ್ಳಿ," ಎಂದ. "ನೀವಾಗೇ ಹೊಡೆಯೋಕೆ ಹೋದ್ರೆ ನಿಮ್ಮ ಸ್ನೇಹಿತರು ಬರಬಹುದು, ಬರದೇನೂ ಇರಬಹುದು. ಅವನು ಬಂದು ನಿಮಗೆ ಹೊಡೆದ್ರೆ ಎಲ್ಲರೂ ಬರಲೇಬೇಕು."

"ಪಕ್ಕದ ವೇಣಾಡು, ಕೊಚ್ಚಿ ಎರಡೂ ನಂಗೆ ಸ್ನೇಹ ಬೇಡ ಅಂತಾವಲ್ಲ. ಯಾಕೆ?"

"ಅದು... ನೀವೇ ಹುಡುಕಿ."

ಅವನು ಅವಳಿಗೆ 'ನೀನು' ಎನ್ನತೊಡಗಿದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ. ಬೇಕರಿಯಲ್ಲಿ ಅವನ ಟೀ ಜೊತೆ ಅವಳ ಹಾಲೂ ಬರತೊಡಗಿತು.

ಆ ಬೇಕರಿಯ ಎದುರೇ ಒಂದು ದಿನ ಸೆಂದಿಲ್‌ನ ಬೈಕು ನಿಂತಿತು.

* * *

ಮರುದಿನ ಅವಳ ಕೆನ್ನೆಯ ಮೇಲೆ ಬೆರಳುಗಳ ಗುರುತಿತ್ತು.

"ಯಾರು?" ಎಂದ ಪ್ರೇಮ್.

ಅವಳು ಎಲ್ಲ ಹೇಳಿದಳು. ಮಾವ, ಸೀರು, ತೈ ತಿಂಗಳು. ಅಳಲಿಲ್ಲ. ಅನ್ನ ಬಸಿಯುವಾಗ ಆವಿಯಿಂದ ಮುಖ ತಿರುಗಿಸುವಂತೆ ಅವನ ನೋಟದಿಂದ ಮುಖ ತಿರುಗಿಸಿದಳು, ಅಷ್ಟೇ.

ಅವಳ ಮಾತು ಮುಗಿಯುವ ಮುಂಚೆಯೇ ಬಾಗಿಲು ದಢಾರೆಂದಿತು.

ಸೆಂದಿಲ್‌ನ ಕೈಯಲ್ಲಿ ಮಗ್ಗದಿಂದ ಬಿಚ್ಚಿ ತಂದ ಮರದ ಕೋಲಿತ್ತು. ಮೊದಲನೇ ಏಟು ಪ್ರೇಮ್‌ನ ಕಂಪ್ಯೂಟರಿಗೆ. ಗಾಜು ಸಿಡಿಯಿತು. ಎರಡನೆಯದು ಅವನ ಭುಜಕ್ಕೆ.

"ನಮ್ ಮನೆ ಪೊಣ್ಣು ಜೊತೆ ಏನ್ಲೇ ಆಟ?"

ತಡೆಯಲು ಎತ್ತಿದ ಅಂಗೈ ಮೇಲೆ ಕೋಲು ಬಿತ್ತು. ಮೂಳೆ ಮುರಿದ ಸದ್ದು ಕೃತ್ತಿಕಾಳಿಗೂ ಕೇಳಿಸಿತು. ಪ್ರೇಮ್ ನೆಲಕ್ಕೆ ಬಿದ್ದ. ಹೊಟ್ಟೆಗೆ ಒದೆ, ಪಕ್ಕೆಗೆ ಒದೆ. ಬಾಯಿಂದ ರಕ್ತ ನೆಲದ ಟೈಲ್ಸಿನ ಮೇಲೆ ಹನಿಯಿತು. ಅಡ್ಡ ಬಂದ ಕೃತ್ತಿಕಾಳನ್ನು ಸೆಂದಿಲ್ ಜಡೆ ಹಿಡಿದು ಗೋಡೆಗೆ ತಳ್ಳಿದ.

ಪ್ರೇಮ್‌ನ ಪಕ್ಕದಲ್ಲೇ ಕಬ್ಬಿಣದ ಸ್ಟೂಲು ಇತ್ತು. ಕೈಗೆ ಎಟುಕುವಷ್ಟು ಹತ್ತಿರ. ಅವನು ಅದನ್ನು ನೋಡಿದ. ಬಾಗಿಲಲ್ಲಿ ಸೇರಿದ್ದ ಜನರನ್ನೂ ನೋಡಿದ.

"ಹೊರಗಿನ ಪಯ್ಯನ್ ಜೊತೆ ಸುತ್ತಿದ್ರೆ ಮಾಮ ಸುಮ್ಮಾ ಇರ್ತಾನಾ," ಎಂದು ಅಲ್ಲೊಬ್ಬ ನೆಲಕ್ಕೆ ಬಿದ್ದ ಹುಡುಗನನ್ನು ತೋರಿಸಿ ಹೇಳುತ್ತಿದ್ದ. ಉಳಿದವರು ತಲೆಯಾಡಿಸಿದರು.

ಪ್ರೇಮ್ ಸ್ಟೂಲನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿದ.

"ಇನ್ನು ಈ ಊರಿಗೆ ಬರಲ್ಲ," ಎಂದ.

ಕೃತ್ತಿಕಾಳಿಗೆ ಗೋಡೆಗೆ ಬಡಿದ ತಲೆ ನೋಯಲಿಲ್ಲ. ಆ ಮಾತು ನೋಯಿಸಿತು.

ಅವನು ಹೊಡೆಸಿಕೊಂಡಿದ್ದಕ್ಕೆ ಬೇಜಾರಿಲ್ಲ... ಬಿಟ್ಟುಕೊಟ್ಟಿದ್ದಕ್ಕೆ.

ಮರುದಿನ ಅವನ ಕುರ್ಚಿ ಖಾಲಿ. "ಪೊಳ್ಳಾಚಿಗೆ ಹೋದ್ನಂತಮ್ಮ," ಎಂದ ದೀನದಯಾಳನ್. ಅವಳ ಕಂಪ್ಯೂಟರ್ ಒಡೆದಿರಲಿಲ್ಲ. ಹಿಂದಿನ ದಿನದ ಆಟ ಹಾಗೇ ಉಳಿದಿತ್ತು. ಅವಳು ತೆರೆದಳು. ಪರದೆಯ ಮಧ್ಯದಲ್ಲೇ ಒಂದು ಸುದ್ದಿ ಕಾದಿತ್ತು.

'ಮೈಸೂರು ನಿಮ್ಮೊಂದಿಗಿನ ಮೈತ್ರಿಯನ್ನು ಮುರಿದುಕೊಂಡಿದೆ.'

ಅಂದರೆ ಅವನು ಸೆಂಟರಿಗೆ ಮತ್ತೆ ಬಂದು, ಬೇರೊಂದು ಕಂಪ್ಯೂಟರಿನಿಂದ, ಮುರಿದ ಕೈಯಲ್ಲಿ ಇದನ್ನೂ ಒತ್ತಿ ಹೋಗಿದ್ದ. ಅವಳು ಪರದೆ ಆರಿಸಿದಳು. ಆಗ ಅಳು ಬಂತು.

* * *

ಮನೆಯಲ್ಲಿ ಯಾರೂ ಅವಳ ಕಡೆ ಇರಲಿಲ್ಲ.

"ಅವನು ಹೊಡ್ದಿದ್ದು ತಪ್ಪೇ," ಎಂದಳು ಅಜ್ಜಿ ತಂಗಮಣಿ. ಸೆಂದಿಲ್‌ನ ಹೆತ್ತ ತಾಯಿ. "ಆದ್ರೆ ನೀನು ಯಾಕೆ, ನನ್ ಕಣ್ಣು, ಆ ಪಯ್ಯನ್ ಜೊತೆ..."

ಅಮ್ಮ ಹಿಟ್ಟು ರುಬ್ಬುತ್ತಲೇ ಇದ್ದಳು. ಅಪ್ಪ ಎದ್ದು ಶೆಡ್ಡಿಗೆ ಹೋದ.

ಪ್ರೇಮ್ ಹೋದ ಮೇಲೂ ಸೆಂದಿಲ್ ನಿಲ್ಲಲಿಲ್ಲ. ಫೋನು ತೆಗೆಯಲು ತಡವಾಯಿತೆಂದು ಒಂದು ದಿನ. ಬಸ್ಸಿನಲ್ಲಿ ಯಾರ ಪಕ್ಕ ಕುಳಿತೆ ಎಂದು ಇನ್ನೊಂದು ದಿನ. ಮುಖಕ್ಕೆ ಹೊಡೆಯುತ್ತಿರಲಿಲ್ಲ. ನಿಶ್ಚಯದ ದಿನ ಫೋಟೋ ತೆಗೆಯಬೇಕಲ್ಲ.

ಶುಕ್ರವಾರ ಎಣ್ಣೆ ನೀರು. ಅಜ್ಜಿ ಮೊಮ್ಮಗಳ ಬೆನ್ನಿಗೆ ಬಿಸಿ ಎಣ್ಣೆ ಹಚ್ಚಲು ಕುಳಿತಳು. ಅವಳ ಕೈ ಒಮ್ಮೆಲೇ ನಿಂತಿತು. ಬೆನ್ನಿನ ಮೇಲೆ ಬೆಲ್ಟಿನ ಬರೆಗಳು. ಹಳೆಯದು ಕಪ್ಪು, ಹೊಸದು ಕೆಂಪು.

"ಆ ಪಯ್ಯನ್ ಓಗಿ ಎಷ್ಟೋ ದಿನ ಆಯ್ತಲ್ಲ," ಎಂದಳು ಅಜ್ಜಿ. "ಮತ್ತೆ ಇದ್ಯಾಕೆ ಹೊಡ್ದ?"

ಬರೆಗಳ ಮೇಲೆ ಎಣ್ಣೆಯ ಜೊತೆ ಬಿಸಿಯಾದ ಇನ್ನೊಂದು ಹನಿ ಬಿತ್ತು.

ಮರುದಿನ ಕೃತ್ತಿಕಾ ಸೆಂಟರಿನಲ್ಲಿ ಆಟ ತೆರೆದಳು. ಗೆಲ್ಲಲು ಅಲ್ಲ. ಕೊಂಗು ನಾಡು ಸುಟ್ಟುಹೋಗುವುದನ್ನು ಒಮ್ಮೆ ಕಣ್ಣಾರೆ ನೋಡಿ ಮುಗಿಸಿಬಿಡೋಣ ಎಂದು. ಕಾಲವನ್ನು ಓಡಲು ಬಿಟ್ಟಳು.

ಮಧುರೆ ಯುದ್ಧ ಸಾರಿತು. ದಕ್ಷಿಣದ ಹಳ್ಳಿಗಳು ಉರಿಯತೊಡಗಿದವು.

ಆಗ ಬಂತು ಸುದ್ದಿ. ವೇಣಾಡಿನ ದೂತ ಬಂದಿದ್ದಾನೆ. ಹಿಂದೆಯೇ ಕೊಚ್ಚಿಯ ದೂತ. ಎಂದೂ ಸ್ನೇಹಕ್ಕೆ ಒಪ್ಪದವರು ಈಗ ತಾವೇ ಕೈ ಚಾಚಿದ್ದರು.

ಅವಳು ಉದ್ದ ಕೀ ಒತ್ತಿದಳು. ಲೋಕ ನಿಂತಿತು.

ಯಾಕೆ? ಮೌಸನ್ನು ಹೆಸರಿನ ಮೇಲೆ ತಂದಳು. ಇಷ್ಟು ದಿನ ಅವರು ಒಪ್ಪದಿದ್ದ ಕಾರಣ ಸಣ್ಣ ಅಕ್ಷರದಲ್ಲಿತ್ತು. 'ಮೈಸೂರು ನಮ್ಮ ವೈರಿ. ಮೈಸೂರಿನ ಮಿತ್ರರು ನಮಗೆ ಬೇಡ.'

ಕೃತ್ತಿಕಾ ಬಹಳ ಹೊತ್ತು ಆ ಸಾಲನ್ನೇ ನೋಡಿದಳು.

ಅವನು ಪಕ್ಕದಲ್ಲಿದ್ದಷ್ಟು ದಿನ ಬೀದಿಯವರಿಗೆ ಇದು ಹೊರಗಿನ ಹುಡುಗನ ಜಗಳ. ಅವನು ಸ್ಟೂಲು ಎತ್ತಿದ್ದರೆ ಇಡೀ ಬೀದಿ ಸೆಂದಿಲ್‌ನ ಹಿಂದೆ ನಿಲ್ಲುತ್ತಿತ್ತು. ಅವನು ಹೋದ ಮೇಲೆ ಉಳಿದದ್ದು ಸೆಂದಿಲ್‌ನ ಕೈ ಮಾತ್ರ. ಆ ಕೈಯನ್ನು ಮುಚ್ಚಲು ಯಾರ ಬಳಿಯೂ ನೆಪವಿರಲಿಲ್ಲ.

ಓಡಿಹೋಗಲಿಲ್ಲ ಅವನು... ದಾರಿ ಬಿಟ್ಟು ನಿಂತಿದ್ದಾನೆ.

ಅವನ ಮೇಲಿನ ಪ್ರೀತಿ ನೀರು ಕುದಿದಂತೆ ಉಕ್ಕಿ ಬಂತು. ಅದರ ಅಡಿಯಲ್ಲೇ ಕೋಪವೂ ಬಂತು. ಹೇಳಬಾರದಿತ್ತಾ?

* * *

ನಿಶ್ಚಯದ ದಿನ ಮನೆ ತುಂಬ ನೆಂಟರು. ಹೊಸ ಸೀರೆ, ಹಣ್ಣು, ಹೂವಿನ ತಟ್ಟೆ ನಡುವೆ ಇತ್ತು. ಸೆಂದಿಲ್ ಬಿಳಿ ಪಂಚೆಯಲ್ಲಿ ನಗುತ್ತಾ ಕುಳಿತಿದ್ದ.

ಕೃತ್ತಿಕಾ ತಟ್ಟೆ ಮುಟ್ಟಲಿಲ್ಲ. ಕೈ ಕಟ್ಟಿ ನಿಂತಳು. ಕೂಗಲೂ ಇಲ್ಲ, ಬೈಯಲೂ ಇಲ್ಲ.

"ಮಾಮಾ, ನಂಗೆ ಈ ಕಲ್ಯಾಣ ಬೇಡ."

"ಏನು?"

"ನಂಗೆ ನಿಮ್ಮನ್ನ ಕಂಡ್ರೆ ಭಯ. ಭಯ ಇರೋ ಕಡೆ ನಾನು ಬಾಳಲ್ಲ."

ಅವನು ಹೊಡೆಯುತ್ತಾನೆಂದು ಅವಳಿಗೆ ಗೊತ್ತಿತ್ತು. ಎಲ್ಲರ ಎದುರೇ ಹೊಡೆಯಲಿ ಎಂದು ಕಾದಿದ್ದಳು. ಆ ಏಟಿಗೆ ಮೈಯನ್ನು ಸಿದ್ಧಮಾಡಿಕೊಂಡಿದ್ದಳು.

ಸೆಂದಿಲ್ ಎದ್ದ. ಕುತ್ತಿಗೆ ಹಿಡಿದ. ಅವಳ ಕಾಲು ನೆಲ ಬಿಟ್ಟಿತು. ಉಸಿರು ನಿಂತಿತು. ಕಣ್ಣು ಕತ್ತಲೆ ಕಟ್ಟುವಾಗ ಯಾರೋ ನಡುವೆ ನುಗ್ಗಿದರು.

ಅಜ್ಜಿ.

"ಬಿಡೋ ಅವಳ್ನ. ನಾನು ಹೆತ್ತಿದ್ದು ಮಗನ್ನ, ಮೃಗನ್ನ ಅಲ್ಲ."

ಅವನು ನೋಡಲೂ ಇಲ್ಲ. ಕೈ ಬೀಸಿದ. ಏಟು ಮುದುಕಿಯ ಎಡ ಕಪಾಳಕ್ಕೆ, ಕಿವಿಗೆ ಸೇರಿ ಬಿತ್ತು. ಅವಳು ಪಕ್ಕಕ್ಕೆ ಉರುಳಿದಳು. ರುಬ್ಬುವ ಕಲ್ಲಿಗೆ ತಲೆ ಬಡಿಯಿತು. ಬಿಳಿ ಕೂದಲಿನ ನಡುವೆ ರಕ್ತ ಹರಿಯಿತು.

ಇದು ಕೃತ್ತಿಕಾಳ ಲೆಕ್ಕದಲ್ಲಿ ಇರಲಿಲ್ಲ. ತಾನು ಬೀಳುವುದಕ್ಕೆ ಸಿದ್ಧಳಾಗಿದ್ದಳು, ಅಜ್ಜಿ ಬೀಳುವುದಕ್ಕಲ್ಲ. ಕಾಲ ನಿಲ್ಲಿಸುವ ಕೀ ಈ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಎಂದೂ ಮಾತಾಡದ ಅಪ್ಪ ಎದ್ದು ಬಂದ. ದಿನವಿಡೀ ಮಗ್ಗ ಎಳೆದು ಗಟ್ಟಿಯಾದ ಕೈ ಅದು. ಸೆಂದಿಲ್‌ನ ಮಣಿಕಟ್ಟು ಹಿಡಿದು ಬೆನ್ನ ಹಿಂದೆ ತಿರುಚಿದ. ಸೆಂದಿಲ್ ಕಿರುಚಿದ. ನೆಂಟರಲ್ಲಿ ಇಬ್ಬರು ಗಂಡಸರು ಮೇಲೆ ಬಿದ್ದು ಅವನನ್ನು ನೆಲಕ್ಕೆ ಒತ್ತಿದರು.

ಅಮ್ಮ ಸಾಂತಿ ಒಂದೇ ಒಂದು ಕೆಲಸ ಮಾಡಿದಳು. ಆ ತಟ್ಟೆಯನ್ನು ಎತ್ತಿಕೊಂಡು, ಹೊಸ್ತಿಲು ದಾಟಿ, ಬೀದಿಯ ನಡುವೆ ಇಟ್ಟು ಬಂದಳು. ಹೂವಿನ ಮೇಲೆ ಅವಳ ತಾಯಿಯ ರಕ್ತ ಸಿಡಿದಿತ್ತು. ಸೋದರಮಾವನ ತಟ್ಟೆ ಹೊರಗೆ ಹೋದರೆ ಅವನ ಹಕ್ಕೂ ಹೊರಗೆ ಹೋಯಿತು ಎಂದೇ ಅರ್ಥ. ಬೀದಿಯವರೆಲ್ಲ ನೋಡಿದರು. ಯಾರೂ ಅದನ್ನು ಒಳಗೆ ತರಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡ ಅಜ್ಜಿ, ಮಹಿಳಾ ಠಾಣೆಯಿಂದ ಬಂದವರಿಗೆ ಮಗನ ಹೆಸರನ್ನು ತಾನೇ ಹೇಳಿದಳು. ಹೇಳುವಾಗ ಒಮ್ಮೆಯೂ ತಡವರಿಸಲಿಲ್ಲ. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

* * *

ಪೊಳ್ಳಾಚಿಯಲ್ಲಿ ಪ್ರೇಮ್ ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ದೀನದಯಾಳನ್‌ನಿಂದ ವಿಳಾಸ ಪಡೆದು ಕೃತ್ತಿಕಾ ಬಸ್ಸು ಹತ್ತಿದಳು.

ಗೇಟಿನ ಬಳಿ ಅವಳನ್ನು ಕಂಡು ಅವನು ನಿಂತುಬಿಟ್ಟ. ಬಲಗೈಗೆ ಇನ್ನೂ ಪಟ್ಟಿ ಇತ್ತು. ಅವಳ ಕುತ್ತಿಗೆಯ ಮೇಲಿನ ಗುರುತು ನೋಡಿ ಅವನ ಮುಖ ಬಿಳಿಚಿತು.

"ಕೃತ್ತಿಕಾ..."

"ಮೊದ್ಲು ನಾನು ಮಾತಾಡ್ತೀನಿ," ಎಂದಳು. "ನೀವು ಯಾಕೆ ಹೋದ್ರಿ ಅಂತ ನಂಗೆ ಅರ್ಥ ಆಯ್ತು. ನೀವು ಅಂದ್ಕೊಂಡ ಹಾಗೇ ಆಯ್ತು. ಎಲ್ಲಾ ನನ್ ಕಡೆ ಬಂದ್ರು."

ಅವನ ಕಣ್ಣು ತುಂಬಿತು. "ದಿನಾ ಸತ್ತೆ ಕಣೇ ಇಲ್ಲಿ. ನಾನಿದ್ರೆ ನಿನ್ನವರು ಯಾರೂ ನಿನ್ನ ನೋಡಲ್ಲ, ನನ್ನನ್ನೇ ನೋಡ್ತಾರೆ ಅನ್ನಿಸ್ತು. ಅದಕ್ಕೇ..."

"ಅದಕ್ಕೇ ಹೇಳ್ದೆ ಹೋದ್ರಿ."

"ಹೇಳಿದ್ರೆ ನೀನು ಒಪ್ತಿರಲಿಲ್ಲ."

"ಆಮಾ, ಹೌದು, ಒಪ್ತಿರ್ಲಿಲ್ಲ. ಅದಕ್ಕೇ ಹೇಳ್ಬೇಕಾಗಿತ್ತು. ಭೂಪಟದ ಮೇಲೆ ಇರೋ ಊರನ್ನ ಯಾರೂ ಕೇಳಲ್ಲ ಸಾರ್. ನಾನು ಊರಲ್ಲ. ಆ ಹೊತ್ತು ಬೆಲ್ಟಲ್ಲಿ ಹೊಡೆಸ್ಕೊಂಡಾಗ, ನೀವೂ ನನ್ನ ಬಿಟ್ಟು ಹೋದ್ರಿ ಅಂತ ಅಂದ್ಕೊಂಡೇ ಹೊಡೆಸ್ಕೊಂಡೆ."

ನಾರಿನ ಧೂಳು ತುಂಬಿದ ರಸ್ತೆಯ ಬದಿಯಲ್ಲಿ ಅವನು ತಲೆ ತಗ್ಗಿಸಿ ಅತ್ತ. ಮಗ್ಗದ ಕೋಲಿನ ಏಟಿಗೂ ಅಳದವನು.

"ತಪ್ಪಾಯ್ತು," ಎಂದ. "ನಿನ್ನ ಬಗ್ಗೆ ನಾನೊಬ್ಬನೇ ತೀರ್ಮಾನ ಮಾಡಿದೆ. ಸೆಂದಿಲ್ ಮಾಡಿದ್ದೂ ಅದನ್ನೇ, ಅಲ್ವಾ?"

"ಅದೇ ಅಲ್ಲ." ಅವಳು ಹತ್ತಿರ ಬಂದಳು. "ಅವನು ತಪ್ಪಾಯ್ತು ಅನ್ನಲ್ಲ."

ಪಟ್ಟಿ ಕಟ್ಟಿದ ಅವನ ಕೈಯನ್ನು ಮೆಲ್ಲಗೆ ಹಿಡಿದಳು. ನೋಯಬಾರದೆಂದು ಬೆರಳ ತುದಿಗಳನ್ನು ಮಾತ್ರ. ಗೇಟಿನ ಕಾವಲುಗಾರ ಬೇರೆ ಕಡೆ ನೋಡುತ್ತಾ ನಿಂತ.

"ಇನ್ನು ಏನೇ ಆದ್ರೂ ಮೊದಲು ನಿನ್ನ ಕೇಳ್ತೀನಿ," ಎಂದ ಪ್ರೇಮ್. "ಈಗಲೇ ಒಂದು ಕೇಳ್ಲಾ?"

"ಕೇಳಿ."

"ನನ್ನ ಮದುವೆ ಆಗ್ತೀಯಾ?"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ. ನಗುವಾಗ ಕುತ್ತಿಗೆ ನೋಯಿತು, ಆದರೂ ನಕ್ಕಳು.

"ನಾನು ಆಗ್ತೀನಿ. ನಮ್ಮಜ್ಜೀನ ಮನೆಗೆ ಬಂದು ಕೇಳಿ."

"ಬರ್ತೀನಿ."

"ಬಂದ್ರೆ ಬಲಗಡೆ ಕೂತ್ಕೊಳ್ಳಿ." ಅವಳ ದನಿ ತಗ್ಗಿತು. "ಎಡಗಡೆ ಕಿವಿ ಈಗ ಕೇಳಲ್ಲ ಅವ್ಳಿಗೆ."

ಪ್ರೇಮ್ ಕಣ್ಣು ಮುಚ್ಚಿದ. ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಜೋರಾಗಿ ಕೇಳ್ಬೇಕಾ?"

"ಇಡೀ ಬೀದಿಗೆ ಕೇಳೋ ಹಾಗೆ."